ಶೌಚಮೂರ್ತಿ

ಹನುಮಂತರಾಯಪ್ಪನ ಎದೆ ಧಸಕ್ಕೆಂದ ಸದ್ದು ಆವತಿ ಬೆಟ್ಟಕ್ಕೆ ಬಡಿದು ಹೊಸಕೋಟೆಗೆ ವಾಪಸ್ ಬಂತು. ನಂಬದಿದ್ದರೆ ನಷ್ಟ ನಿಮಗೇ.

ಊರಿನ ಹಾಲಿನ ಡೇರಿ ಅಧ್ಯಕ್ಷಗಿರಿಗೆ ಅವನು ನಿಂತಿದ್ದ, ಮಧ್ಯಾಹ್ನವೇ ಓಟು. ಬೆಳಿಗ್ಗೆ ಬಂದು ನೋಡಿದರೆ ಡೇರಿ ಮುಂದೆ ಆನೆ ಅಡ್ಡ ನಿಂತರೂ ಮರೆಯಾಗದಂಥ ಫ್ಲೆಕ್ಸು. ಅದರಲ್ಲಿ ಕೈಮುಗಿದ ಅವನ ಫೋಟೋ. ಕೆಳಗೆ, ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ: 'ಶೌಚಮೂರ್ತಿ ಹನುಮಂತರಾಯಪ್ಪ.'

"ಮೂರ್ತಿ ಸಿಕ್ತು ಗುರು, ಆಲಯ ಎಲ್ಲಿ? ಅರ್ಜೆಂಟಾಗೈತೆ!" ಎಂದ ಎದುರಾಳಿ ಬೈರೇಶ್.

ಹಾಲು ಹಾಕಲು ಸಾಲಿನಲ್ಲಿದ್ದವರು ನಕ್ಕ ರಭಸಕ್ಕೆ ಕ್ಯಾನಿನ ಮುಚ್ಚಳಗಳು ಗಾಳಿಪಟದಂತೆ ಹಾರಿದವು. ಆ ಫ್ಲೆಕ್ಸು ಬರೆಸಿದ್ದ ಸಂಸ್ಕೃತದ ಮೇಷ್ಟ್ರು ವೇಣುಗೋಪಾಲರ ಮೇಲೆ ಹನುಮಂತರಾಯಪ್ಪ ಎಗರಿದ.

"ಏನ್ ಸಾರ್, ಓಟಿನ ದಿವಸವೇ ನನ್ನನ್ನ ಕಕ್ಕಸ್ಸು ಮಾಡ್ಬಿಟ್ರಲ್ಲ!"

"ಲೇ, ಕಕ್ಕಸ್ಸಲ್ಲ ಕಣೋ!" ಮೇಷ್ಟ್ರು ಬೆಂಚು ಹತ್ತಿ ಊರಿಗೇ ಪಾಠ ಶುರುಮಾಡಿದರು. "ಶುಚಿಯಾಗಿರೋದೇ ಶೌಚ. ಮೈ ಕೊಳೆ ನೀರಲ್ಲಿ ಹೋಗ್ತದೆ, ಮನಸ್ಸಿಂದು ಹೋಗಲ್ಲ. ಯಾರೂ ನೋಡದೇ ಇದ್ದಾಗ್ಲೂ ಮೋಸ ಮಾಡದೇ ಇರೋ ಗುಣ ಇದೆಯಲ್ಲ, ಅದು ಶೌಚ. ಇವನ ಹಾಲಿಗೆ ಒಂದು ಹನಿ ನೀರು ಬಿದ್ದಿದ್ದು ಯಾರಾದ್ರೂ ಕಂಡಿದ್ದೀರಾ?"

ನಗು ನಿಂತಿತು. ತಲೆಗಳು ತೂಗಿದವು. ಬೈರೇಶನೂ ಹಲ್ಲು ಕಿರಿಯುವುದನ್ನು ಬಿಟ್ಟ.

ಆಗ ಬಡಿಯಿತು ನೋಡಿ ನಿಜವಾದ ಸಿಡಿಲು. ಆ ಬೆಳಿಗ್ಗೆ ಸೀಮೆಹಸು ಒದ್ದು ಹಾಲು ಚೆಲ್ಲಿತ್ತು. ಎಲೆಕ್ಷನ್ ದಿನ ಅಳತೆ ಕಮ್ಮಿಯಾದರೆ ಮರ್ಯಾದೆ ಏನಾಗಬೇಕು ಅಂತ ಅವನು ಕ್ಯಾನಿಗೆ ಒಂದು ಚೊಂಬು ನೀರು ಸುರಿದಿದ್ದ. ಹುಟ್ಟಿದಾರಭ್ಯ ಅದೊಂದೇ ಚೊಂಬು! ಕಂಡವಳು ಒಬ್ಬಳೇ, ಹೆಂಡತಿ ಮುನಿವೆಂಕಟಮ್ಮ. ಅದೇ ಕ್ಯಾನು ಹಿಡಿದು ಅವಳೀಗ ಸಾಲಿನಲ್ಲಿ ನಿಂತಿದ್ದಳು. ಕಣ್ಣು ಗಂಡನ ಮೇಲೆ.

ಹನುಮಂತರಾಯಪ್ಪ ದಡದಡ ಹೋದವನೇ ಕ್ಯಾನು ಕಿತ್ತು ಅಷ್ಟೂ ಹಾಲನ್ನು ಮಣ್ಣಿಗೆ ಸುರಿದುಬಿಟ್ಟ.

"ಇದು ಡೇರಿಗೆ ಹಾಕೋ ಹಾಲಲ್ಲ," ಎಂದ. "ಮೇಷ್ಟ್ರ ಅರ್ಥ ನನ್ನ ಅಳತೆಗಿಂತ ದೊಡ್ಡದಾಯ್ತು. ಬೈರೇಶ ಹೇಳಿದ ಅರ್ಥಾನೇ ಇರ್ಲಿ. ಕೋಳಿ ಕೂಗೋ ಹೊತ್ತಿಂದ ಸಾಲಲ್ಲಿ ನಿಲ್ಲೋ ಹೆಂಗಸ್ರಿಗೆ ಇಲ್ಲೊಂದು ಕಕ್ಕಸ್ಸಿಲ್ಲ. ಗೆದ್ರೆ ಕಟ್ಟಿಸ್ತೀನಿ. ಸೋತ್ರೂ ಗುಂಡಿ ನಾನೇ ತೋಡ್ತೀನಿ."

ಮುನಿವೆಂಕಟಮ್ಮ ಖಾಲಿ ಕ್ಯಾನು ಎತ್ತಿಕೊಂಡು ಅವನ ಕಿವಿಯ ಹತ್ತಿರ ಬಂದಳು.

"ನನ್ನ ಓಟು ನಿಂಗೇ. ಆ ಚೊಂಬನ್ನೂ ತಂದು ಕಕ್ಕಸ್ಸಲ್ಲೇ ಇಡು."