ನೆಟ್ಟಗಿನ ಒಂದೇ ಇಟ್ಟಿಗೆ

ಪ್ಯಾಸಡೀನಾ ಊರಿನ ಒಂದು ಬೀದಿಯಲ್ಲಿ ಆರ್ಡಿಸ್ ಹಾಲೊವೇಳ ಮನೆಯ ಹೊಗೆಗೂಡಿನ ಇಟ್ಟಿಗೆಗಳೆಲ್ಲ ಸೊಟ್ಟ; ಒಂದು ಮಾತ್ರ ನೆಟ್ಟಗೆ. ಅದು ಹೇಗೆ ಬಂತು ಎಂಬುದಕ್ಕೆ ಬೀದಿಯ ಪೂರ್ವದ ತುದಿಯವರು ಒಂದು ಕಾರಣ ಹೇಳುತ್ತಾರೆ, ಪಶ್ಚಿಮದ ತುದಿಯವರು ಇನ್ನೊಂದು. ಕಾರಣ ಬೇರೆಯಾದರೂ ಕಥೆ ಒಂದೇ.

ಮನೆ ಎದ್ದದ್ದು ಸಾವಿರದ ಒಂಬೈನೂರ ಒಂಬತ್ತರಲ್ಲಿ, ಕ್ರಾಫ್ಟ್ಸ್‌ಮನ್ ಶೈಲಿ ಆ ಊರಿಗೆ ಇನ್ನೂ ಹೊಸತಾಗಿದ್ದಾಗ. ತಗ್ಗಿಳಿದ ಸೂರು, ಅಗಲವಾದ ಜಗುಲಿ, ಬಣ್ಣ ಕಾಣದ ಮರ. ಇಟ್ಟಿಗೆ ಸುಡುವ ಭಟ್ಟಿಯಲ್ಲಿ ಬೆಂಕಿಗೆ ತೀರ ಹತ್ತಿರವಿದ್ದು ಕಪ್ಪಾಗಿ ಕರಗಿ ಉಬ್ಬಿದ, ಬೇರೆಯವರು ಎಸೆಯುವಂಥ ಇಟ್ಟಿಗೆಗಳನ್ನೇ ಹುಡುಕಿ ತಂದು ಹೊಗೆಗೂಡು ಏರಿಸಿದ್ದರು. ಕೈಯಿಂದಾದ ಕೆಲಸ ಕೈಯಿಂದಾದಂತೆಯೇ ಕಾಣಬೇಕು ಎಂಬುದು ಆ ಶೈಲಿಯ ಕುಶಲಿಗರ ಧರ್ಮ.

ಆರ್ಡಿಸಳ ಗಂಡ ಮರ್ಲ್ ಒಲವಿನ ಮನುಷ್ಯ. ಆದರೆ ಸೊಟ್ಟದ್ದನ್ನು ಕಂಡರೆ ಅವನ ಕೈ ಸುಮ್ಮನಿರದು. ಒಮ್ಮೆ ಅವಳ ಹೊಸ ಸ್ವೆಟರು ಹೊಗೆಗೂಡಿನ ಉಬ್ಬಿಗೆ ಸಿಕ್ಕಿ ಹರಿಯಿತು, ಅವಳು ಗೊಣಗಿದಳು. ಅವನಿಗೆ ಅಷ್ಟೇ ಸಾಕಾಯಿತು. ಅವಳು ತಂಗಿಯ ಮನೆಗೆ ಹೋಗಿದ್ದ ವಾರದಲ್ಲಿ, ಮದುವೆಯ ಇಪ್ಪತ್ತೈದನೆಯ ವರ್ಷದ ಉಡುಗೊರೆಯೆಂದು, ಬೀದಿಗೆ ಕಾಣುವ ಸೊಟ್ಟ ಇಟ್ಟಿಗೆಗಳನ್ನೆಲ್ಲ ಕಿತ್ತು ಗೆರೆ ಎಳೆದಂಥ ಹೊಸ ಇಟ್ಟಿಗೆ ಕೂರಿಸಿದ. ಹಿಂತಿರುಗಿ ಬಂದು ನೋಡಿದ ಆರ್ಡಿಸ್ ಗಳಗಳನೆ ಅತ್ತುಬಿಟ್ಟಳು.

"ನೋಡಿದ್ರಾ, ಖುಷಿಗೆ ಹೆಂಗ್ ಅಳ್ತಾಳೆ!" ಎಂದು ಮರ್ಲ್ ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದ. ಅವನು ಬದುಕಿರುವಷ್ಟು ಕಾಲ ಅವಳು ಆ ಮಾತನ್ನು ತಿದ್ದಲಿಲ್ಲ. ಕಸಕ್ಕೆ ಹೋಗಬೇಕಿದ್ದ ಹಳೆಯ ಇಟ್ಟಿಗೆಗಳನ್ನು ಮಾತ್ರ ಒಂದೊಂದಾಗಿ ಹಿತ್ತಿಲಿಗೆ ಸಾಗಿಸಿ ಟೊಮೇಟೊ ಪಾತಿಗೆ ಅಂಚು ಕಟ್ಟಿದಳು.

ಮರ್ಲ್ ತೀರಿಹೋದ ಆರನೆಯ ವರ್ಷ, ಅಕ್ಕಪಕ್ಕದ ಮನೆಗಳನ್ನು ಕೊಂಡು ಕೆಡವಿದ ಬಿಲ್ಡರನೊಬ್ಬ ಇದರ ಮೇಲೂ ಕಣ್ಣು ಹಾಕಿದ. ಮನೆಯಲ್ಲಿ ಅರ್ಧ ಪಾಲು ಮೈದುನ ವೆಂಡೆಲ್‌ನದು.

"ಅತ್ತಿಗೆ, ಇದು ಪಾರಂಪರಿಕ ಮನೆ ಅಂತ ನಗರಸಭೆಯವ್ರು ಬರ್ಕೊಟ್ರೆ ನಾನು ತುಟಿ ಪಿಟಕ್ ಅನ್ನಲ್ಲ. ಇಲ್ಲಾಂದ್ರೆ ಮಾರೋದೇ."

"ನಿನ್ ತುಟೀನಾ? ಅದು ಮುಚ್ಕೊಂಡಿದ್ದನ್ನ ನಿಮ್ಮಮ್ಮನೂ ನೋಡಿರ್ಲಿಲ್ಲ ಬಿಡು," ಎಂದಳು ಆರ್ಡಿಸ್.

ಪರಿಶೀಲನೆಗೆ ನಗರಸಭೆಯಿಂದ ಬಂದವಳು ಅನೂಶ್ ಅರಾಕೆಲಿಯನ್ ಎಂಬ ತರುಣಿ. ಗೋಡೆಯೊಳಗೇ ಕಟ್ಟಿದ ಪುಸ್ತಕದ ಕಪಾಟನ್ನು ಸವರಿದಳು, ಕಿಟಕಿಯಡಿಯ ಪೀಠದ ಮೇಲೆ ಕುಳಿತು ನೋಡಿದಳು, ಜೋಡಣೆಯನ್ನು ಬಚ್ಚಿಡದ ತೊಲೆಗಳ ಕೆಳಗೆ ಕತ್ತೆತ್ತಿ ನಿಂತಳು. ಅರಳುತ್ತಲೇ ಹೋದ ಅವಳ ಮುಖ, ಹೊರಗೆ ಬಂದು ಹೊಗೆಗೂಡನ್ನು ಕಂಡದ್ದೇ ಬಾಡಿತು.

"ಅಯ್ಯೋ, ಇದನ್ಯಾರಮ್ಮಾ ಹಿಂಗ್ ಮಾಡಿದ್ದು?"

"ನಮ್ಮೆಜಮಾನ್ರು. ಪ್ರೀತಿಗೆ."

"ಬೀದಿಯಿಂದ ಮೊದ್ಲು ಕಣ್ಣಿಗೆ ಬೀಳೋದೇ ಇದು. ಹಿಂಗೇ ಇದ್ರೆ ಶಿಫಾರಸು ಮಾಡೋಕಾಗಲ್ಲಮ್ಮ. ಆ ಹಳೇ ಇಟ್ಟಿಗೆ ಏನಾದ್ರೂ ಉಳಿದಿದ್ರೆ..."

ಆರ್ಡಿಸ್ ಅವಳನ್ನು ಹಿತ್ತಿಲಿಗೆ ಕರೆದೊಯ್ದಳು. ಟೊಮೇಟೊ ಗಿಡಗಳ ನಡುವೆ ಮಂಡಿಯೂರಿದ ಅನೂಶ್ ಕಪ್ಪು ಇಟ್ಟಿಗೆಯೊಂದರ ಮಣ್ಣು ಒರೆಸಿ, "ಅಲ್ಲೇ ವಾಪಸ್ ಕೂರ್ಸಿ. ಮನೆ ಉಳೀತು ಅನ್ಕೊಳ್ಳಿ!" ಎಂದಳು.

ಮನೆ ಉಳಿಯಬೇಕಾದರೆ ಮರ್ಲ್‌ನ ಉಡುಗೊರೆ ಅಳಿಯಬೇಕು. ತರುಣಿ ಹೋದ ಮೇಲೆ ಆರ್ಡಿಸ್ ಹೊಗೆಗೂಡಿನ ಮುಂದೆ ಬಹಳ ಹೊತ್ತು ನಿಂತಳು. ಭುಜದೆತ್ತರದ ಇಟ್ಟಿಗೆಯೊಂದರ ಅಂಚಿಗೆ ಗಾರೆ ಮೆತ್ತಿಕೊಂಡಿತ್ತು; ಅದರಲ್ಲಿ ಹೆಬ್ಬೆರಳಿನ ಗುರುತು ಅಚ್ಚಾಗಿತ್ತು. ಅವಳು ತನ್ನ ಹೆಬ್ಬೆರಳನ್ನು ಅದರಲ್ಲಿ ಇಟ್ಟು ನೋಡಿದಳು. ಗುರುತು ಅವಳ ಬೆರಳಿಗಿಂತ ದೊಡ್ಡದು.

ಶನಿವಾರ ಬೆಳಗ್ಗೆ ವೆಂಡೆಲ್ ಉಳಿ ಸುತ್ತಿಗೆ ಹಿಡಿದು ತಾನಾಗಿಯೇ ಬಂದ. ಕಸುಬಿನಿಂದ ಗಾರೆಯವನು; ಅಣ್ಣನಿಗೆ ಕರಣೆ ಹಿಡಿಯಲು ಕಲಿಸಿದವನೂ ಅವನೇ.

"ಮಾರೋಣ ಅಂದೋನು ನೀನೇ ಅಲ್ವೇನೋ?" ಎಂದಳು ಆರ್ಡಿಸ್.

"ಅಂದೆ. ಹಂಗಂತ ಅಣ್ಣ ಕಟ್ಟಿದ್ದನ್ನ ಕಂಡೋರ ಕೈಲಿ ಕೀಳಿಸ್ಲಾ?" ಎಂದವನೇ ಸುತ್ತಿಗೆ ಬೀಸಿ, ಕೊಂಚ ಹೊತ್ತಿಗೆ ಬೆವರೊರೆಸಿಕೊಂಡ. "ಎಷ್ಟು ಗಟ್ಟಿ ಕೂರ್ಸಿದಾನೆ ನೋಡಿ. ಕಲ್ಸಿದ್ದು ನಾನು, ಈಗ ಅನುಭವಿಸ್ತಾ ಇರೋನೂ ನಾನೇ."

ಮೂರನೆಯ ದಿನ, ಪಾತಿಯ ಹಳೆಯ ಇಟ್ಟಿಗೆಗಳನ್ನೆಲ್ಲ ಕೂರಿಸಿ ಮುಗಿದಾಗ, ಭುಜದೆತ್ತರದಲ್ಲಿ ಒಂದು ಕಂಡಿ ಹಾಗೆಯೇ ಉಳಿಯಿತು.

"ಒಂದು ಕಮ್ಮಿ ಬಿತ್ತಲ್ಲ ಅತ್ತಿಗೆ! ಪಾತೀಲಿ ಎಣಿಸಿದಾಗ ಸರಿಯಾಗಿತ್ತಲ್ಲ?"

"ಎಲ್ಲಿ ಹೋಯ್ತೋ ಏನೋ," ಎಂದ ಆರ್ಡಿಸ್ ತನ್ನ ಏಪ್ರನ್ನಿನ ಮಡಿಲಿನಿಂದ ಹೆಬ್ಬೆರಳ ಗುರುತಿನ ಇಟ್ಟಿಗೆಯನ್ನು ತೆಗೆದಳು. "ಸದ್ಯಕ್ಕೆ ಇದನ್ ಹಾಕು. ಗುರುತು ಹೊರಗಡೆ ಕಾಣೋ ಹಂಗೆ."

ಮತ್ತೆ ನೋಡಲು ಬಂದ ಅನೂಶ್‌ಳ ಕಣ್ಣಿಗೆ ಅದು ಬೀಳದೆ ಇರಲಿಲ್ಲ. ಆ ಗುರುತನ್ನು ನೋಡಿದಳು, ಆರ್ಡಿಸಳ ಮುಖವನ್ನು ನೋಡಿದಳು. "ಒಂದು ಇಟ್ಟಿಗೇಗೆ ಮನೆ ಮರ್ಯಾದೆ ಏನೂ ಹೋಗಲ್ಲಮ್ಮ," ಎಂದು ನಕ್ಕು ವರದಿಯಲ್ಲಿ ಅದನ್ನೂ ಇದ್ದಂತೆಯೇ ಬರೆದುಕೊಂಡಳು.

ಎಲೆಯುದುರುವ ಕಾಲಕ್ಕೆ ಮನ್ನಣೆಯ ಪತ್ರ ಬಂತು. ವೆಂಡೆಲ್ ಕೊಟ್ಟ ಮಾತಿನಂತೆ ತುಟಿ ಮುಚ್ಚಿಕೊಂಡ, ಮಾರುವ ವಿಷಯದಲ್ಲಿ ಮಾತ್ರ.

ಆ ಒಂದು ಇಟ್ಟಿಗೆ ಕಳೆದೇಹೋಯಿತು ಎನ್ನುತ್ತಾರೆ ಪೂರ್ವದ ತುದಿಯವರು. ಪಶ್ಚಿಮದ ತುದಿಯವರು ವಾದ ಮಾಡುವುದಿಲ್ಲ. ಆರ್ಡಿಸಳ ಅಡುಗೆಮನೆಯ ಬಾಗಿಲನ್ನು ನೋಡಿ ಬನ್ನಿ ಎನ್ನುತ್ತಾರೆ. ಗಾಳಿಗೆ ಬಡಿದುಕೊಳ್ಳದಂತೆ ಅದಕ್ಕೆ ಕಪ್ಪನೆಯ, ಉಬ್ಬಿದ ಇಟ್ಟಿಗೆಯೊಂದು ಅಡ್ಡವಾಗಿ ಕುಳಿತಿದೆ. ವೆಂಡೆಲ್ ಭಾನುವಾರದ ಕಾಫಿಗೆ ಅದನ್ನು ದಾಟಿಯೇ ಒಳಗೆ ಬರುತ್ತಾನೆ, ಎಣಿಕೆ ಬಾರದವನಂತೆ.