ಅದೇ ಹನ್ನೊಂದು ಪುಟ

ತಕ್ಕಡಿ ರಿಪೇರಿಯವನು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುತ್ತಿದ್ದ. ಗಿರಣಿ, ಗೋದಾಮು, ಔಷಧಿ ಕಾರ್ಖಾನೆ, ಎಲ್ಲಿ ತೂಕದ ಯಂತ್ರ ಕೆಟ್ಟರೆ ಅಲ್ಲಿ. ಉಳಿದ ಹೊತ್ತು ಬಸ್ಸಿನಲ್ಲೂ ಲಾಡ್ಜಿನಲ್ಲೂ ಕಾದಂಬರಿ. ಕಾದಂಬರಿ ಎಂದರೆ, ಅದನ್ನು ಬರೆಯಲು ತಕ್ಕ ಸಾಫ್ಟ್‌ವೇರಿನ ಹುಡುಕಾಟ.

ಅದನ್ನು ಓದಲು ಕಾದಿದ್ದವಳು ಒಬ್ಬಳೇ: ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ, ಪುಸ್ತಕದ ಹುಳು. "ಕಣ್ಣಿನ ಡಾಕ್ಟ್ರು ಒಂದು ವರ್ಷ ಅಂದಿದಾರೆ ಕಣೋ. ಚೂರುಚೂರು ತೋರಿಸ್ಬೇಡ, ಪೂರ್ತಿ ಬರೆದು ಕೊಡು. ನಿಂದೊಂದು ಓದಿದ ಮೇಲೆ ಕಣ್ಣು ಹೋದ್ರೆ ಹೋಗ್ಲಿ" ಎಂದಿದ್ದಳು.

ಒಂದು ವರ್ಷ ಧಾರಾಳವಾಗಿ ಸಾಕಾಗುತ್ತಿತ್ತು. ಕೆಡಿಸಿದ್ದು ಕಸುಬಿನ ಚಾಳಿ. ಎಂಥ ತಕ್ಕಡಿಯೇ ಇರಲಿ, ಅವನು ಪೆಟ್ಟಿಗೆಯಿಂದ ಅದೇ ಐದು ಕಿಲೋ ಹಿತ್ತಾಳೆಯ ತೂಕದ ಬಟ್ಟು ತೆಗೆದಿಟ್ಟು ಪರೀಕ್ಷಿಸುತ್ತಿದ್ದ. ಸಾಫ್ಟ್‌ವೇರಿಗೂ ಅದೇ ಕಟ್ಟಳೆ: ಪ್ರತಿ ಹೊಸದರಲ್ಲೂ ಅದೇ ಮೊದಲ ಅಧ್ಯಾಯವನ್ನು ಮೊದಲಿನಿಂದ ಟೈಪ್ ಮಾಡಿ ನೋಡುವುದು. ಒಂದು ನೆಟ್ ಇಲ್ಲದೆ ತೆರೆಯದು. ಬಸ್ಸು ಗುಡ್ಡ ಹತ್ತಿದರೆ ಕತೆ ಮಾಯ. ಇನ್ನೊಂದು ಫೋನಿನಲ್ಲಿ ಸರಿ, ಲ್ಯಾಪ್‌ಟಾಪಿನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿ. ಮತ್ತೊಂದು ಬ್ಯಾಟರಿಯನ್ನು ನುಂಗಿ ನೀರು ಕುಡಿಯುತ್ತಿತ್ತು. ನಾಲ್ಕನೆಯದರಲ್ಲಿ ಪಾತ್ರಗಳಿಗೆ ಬಣ್ಣದ ಚೀಟಿ ಅಂಟಿಸುವ ಸೌಕರ್ಯವಿತ್ತು. ಪುಣ್ಯಾತ್ಮ ಎರಡು ತಿಂಗಳು ಚೀಟಿ ಅಂಟಿಸಿದ.

ಅಕ್ಕ ಫೋನ್ ಮಾಡಿದಾಗಲೆಲ್ಲ "ಇನ್ನೇನು, ಸರಿಯಾದ್ದು ಸಿಕ್ಕೇಬಿಡ್ತು" ಎನ್ನುತ್ತಿದ್ದ. ನಂಬಿಯೇ ಹೇಳುತ್ತಿದ್ದ, ಅದೇ ಸಂಕಟ.

ಒಂಬತ್ತನೆಯದು ನಿಜಕ್ಕೂ ಸರಿಯಿತ್ತು. ಅದೇ ಖುಷಿಯಲ್ಲಿ ಮಧ್ಯಾಹ್ನದ ಬಸ್ಸು ಹಿಡಿದು ಅಕ್ಕನ ಮನೆಗೆ ಬಂದ. ಅವಳು ಕಿಟಕಿಯ ಬಳಿ ಒಗೆದ ಬಟ್ಟೆ ಮಡಿಸುತ್ತಿದ್ದಳು, ಅಂಚುಗಳನ್ನು ಬೆರಳಿನಿಂದ ತಡವಿ ತಡವಿ. ಮೂಗಿನ ಮೇಲೆ ಕನ್ನಡಕವಿರಲಿಲ್ಲ.

"ಯಾವಾಗ ಹೋಯ್ತಕ್ಕ ಕಣ್ಣು?"

"ಹೋದ ತಿಂಗಳು. ಹೇಳಿದ್ರೆ ಬರೆಯೋದು ಬಿಟ್ಟು ಓಡಿ ಬರ್ತಿದ್ದೆ. ಈಗ ಬಂದ್ಯಲ್ಲ, ನೀನೇ ಓದು."

ಓದಿದ. ಹನ್ನೊಂದು ಪುಟ. ಮಡಿಸಿದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅಲುಗಾಡದೆ ಕೇಳಿದಳು. ಮುಗಿದಾಗ ಅವಳ ಮುಖ ಅರಳಿತ್ತು.

"ಚೆನ್ನಾಗಿದೆ ಕಣೋ. ಮುಂದೆ?"

ಫೋನಿನ ಪರದೆಯ ಮೇಲೆ ಬೆರಳು ಸರಿಸಿದ. ಖಾಲಿ. ಬಾಯಿಮಾತಿನಲ್ಲಾದರೂ ಹೇಳೋಣವೆಂದು ಹೊರಟರೆ, ಒಂಬತ್ತು ಸಲ ಬರೆದ ಆ ಪುಟಗಳ ಆಚೆಗೆ ಏನಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

"ಮುಂದಿನ ಪುಟ ಹುಡುಕ್ತಿದೀಯಾ?" ಅಕ್ಕ ಕೇಳಿದಳು. "ನಿಧಾನವಾಗಿ ಹುಡುಕು. ನಂಗಿನ್ನು ಅವಸರ ಇಲ್ಲ."