ಬಲಿಪೀಠಕ್ಕಿಟ್ಟ ದನಿ

ಆಪರೇಷನ್ ಆಗಿ ಎದ್ದು ಓಡಾಡುವಂತಾದ ಮೇಲೆ ಆ ತಾಯಿ ಮೊದಲು ಹಿಡಿದ ಕೆಲಸ ಚರ್ಚಿನ ಇಸ್ತ್ರಿ. ಬಲಿಪೀಠಕ್ಕೆ ಹಾಸುವ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವುದು ಅವಳದೇ ಪಾಲು. ಬೇರೆ ಯಾರಾದರೂ ಮುಟ್ಟಿದರೆ ಮೂತಿ ಊದಿಸಿಕೊಳ್ಳುತ್ತಿದ್ದಳು. ಆ ಬಟ್ಟೆಯನ್ನು ಮಡಚುವ ಹಾಗಿಲ್ಲ, ಗೆರೆ ಬೀಳುತ್ತದೆ, ಕೋಲಿಗೆ ಸುತ್ತಿಡಬೇಕು. ಹರಿದರೂ ಮನೆಗೆ ಒಯ್ದು ನೆಲ ಒರೆಸುವ ಹಾಗಿಲ್ಲ. ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಬೇಕು. ಇದನ್ನೆಲ್ಲ ಮಗಳಿಗೆ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಳು.

ಮಗಳೆಂದರೆ ಆ ಚರ್ಚಿನ ಹಾಡುಗಾರ್ತಿ. ಅವಳು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವ ಮುದುಕರೂ ನೆಟ್ಟಗೆ ಕೂರುತ್ತಿದ್ದರು. ಮನೆಯಲ್ಲೂ ಅಷ್ಟೇ, ಪಾತ್ರೆ ತೊಳೆಯುವಾಗ ಹಾಡು, ತಲೆ ಬಾಚುವಾಗ ಹಾಡು. ಸ್ವಲ್ಪ ಬಾಯಿ ಮುಚ್ಚೇ ತಾಯಿ ಎಂದು ಗದರುತ್ತಿದ್ದವಳೂ ಈ ಅಮ್ಮನೇ. ಈಗ ನೋಡಿದರೆ ಮನೆ ಬಿಕೋ ಎನ್ನುತ್ತಿದೆ. ಭಾನುವಾರದ ಪೂಜೆಯಲ್ಲಿ ಹುಡುಗಿ ಹಾಡುವವರ ಸಾಲಿನಲ್ಲೇ ನಿಂತಳು, ಪಕ್ಕದವಳಿಗೆ ಪುಸ್ತಕದ ಹಾಳೆ ತಿರುವಿಕೊಟ್ಟಳು, ತುಟಿ ಮಾತ್ರ ಬಿಚ್ಚಲಿಲ್ಲ.

ಗಂಟಲು ನೋವೇ ಎಂದರೆ ಇಲ್ಲ. ಯಾರಾದರೂ ಏನಾದರೂ ಅಂದರಾ ಎಂದರೆ ಅದೂ ಇಲ್ಲ. ತಾಯಿ ಪಟ್ಟು ಬಿಡಲಿಲ್ಲ. ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಆಚೆ ಬಟ್ಟೆಯ ಅಂಚು ಹಿಡಿದು ನಿಂತಿದ್ದ ಮಗಳು ಕೊನೆಗೆ ತಲೆ ತಗ್ಗಿಸಿಕೊಂಡೇ ಹೇಳಿದಳು.

“ನಿನ್ನನ್ನ ಆಪರೇಷನ್‌ಗೆ ಕರ್ಕೊಂಡು ಹೋದಾಗ ನಾನು ಇಲ್ಲಿಗೆ ಬಂದಿದ್ದೆ ಅಮ್ಮ. ನೀನು ಉಳಿದ್ರೆ ಇನ್ನು ಹಾಡಲ್ಲ ಅಂತ ಬಲಿಪೀಠದ ಮುಂದೆ ಹೇಳಿದೆ. ಕೊಡೋಕೆ ನನ್ನ ಹತ್ರ ಬೇರೆ ಏನಿತ್ತು?”

ತಾಯಿ ಬೈದಳು, ಅತ್ತಳು, ಕೊನೆಗೆ ಮಗಳ ಕೈ ಹಿಡಿದು ಚರ್ಚಿನ ಗುರುಗಳ ಬಳಿಗೆ ಎಳೆದೊಯ್ದಳು. ಪಾಪ, ಅವರೂ ಬಗೆಬಗೆಯಾಗಿ ಹೇಳಿ ನೋಡಿದರು: ಎಲ್ಲರಿಗಾಗಿ ಒಬ್ಬನು ಶಿಲುಬೆಯ ಮೇಲೆ ತನ್ನನ್ನೇ ಬಲಿಕೊಟ್ಟಾಗಿದೆ ಮಗು, ದೇವರೇನು ನಿನ್ನ ದನಿಯನ್ನು ಬೇಡಿರಲಿಲ್ಲ, ಆ ಹರಕೆಯಿಂದ ನಿನ್ನನ್ನು ಬಿಡಿಸುತ್ತೇನೆ, ಹಾಡು. ಹುಡುಗಿ ವಿನಯದಿಂದಲೇ ಕೇಳಿಸಿಕೊಂಡಳು. ಬಲಿಪೀಠಕ್ಕೆ ಕೊಟ್ಟದ್ದನ್ನು ಮನೆಗೆ ತರಬಾರದೆಂದು ಅಮ್ಮನೇ ಕಲಿಸಿದ್ದಲ್ಲವೇ ಎಂದಳು. ತಾನು ಹಾಡಿ, ನಾಳೆ ಅಮ್ಮನಿಗೆ ಏನಾದರೂ ಆದರೆ ತಾನು ಹೇಗೆ ಬದುಕಲಿ ಎಂದಳು. ತಾಯಿ ಅವಳನ್ನು ಕರೆದುಕೊಂಡು ಮನೆಗೆ ಬಂದಳು.

ಸಂಜೆ ತಾಯಿಯೊಬ್ಬಳೇ ಹೋಗಿ ಬಲಿಪೀಠದ ಮುಂದೆ ಮೊಣಕಾಲೂರಿದಳು. ನನ್ನ ಕಾಯಿಲೆ ನನಗೆ ವಾಪಸ್ ಕೊಡು, ಮಗಳ ಹಾಡು ಅವಳಿಗೆ ಬಿಟ್ಟುಕೊಡು. ಹೇಳಬೇಕಿದ್ದದ್ದು ಇಷ್ಟೇ ಮಾತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದುಕೊಂಡು ಬಂದಿದ್ದಳು. ಹೆತ್ತವಳಿಗೆ ಇದೇನು ಮಹಾ ಎಂದುಕೊಂಡಿದ್ದಳು. ಈಗ ಮೊದಲ ಮಾತೇ ನಾಲಿಗೆಗೆ ಬರಲೊಲ್ಲದು. ಆಸ್ಪತ್ರೆಯ ಆ ಹಾಸಿಗೆ ನೆನಪಾಯಿತು. ಬದುಕಬೇಕೆಂಬ ಆಸೆ ತನ್ನೊಳಗೆ ಇಷ್ಟೊಂದಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹುಡುಕಿಕೊಂಡು ಬಂದ ಮಗಳು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳಿದಳು.

“ತಗೊಂಡೆ ಕಣೇ,” ಎಂದಳು ತಾಯಿ. “ಒಂದೂ ತಪ್ಪಿಸಿಲ್ಲ.”